ಹುಳದ ಕುತ್ತಿಗೆಯ ಮಡಿಕೆ

ಹುಳುಗಳ ಮಾತೆತ್ತಿದರೆ ಜನ ಮುಖ ಸಿಂಡರಿಸುತ್ತಾರೆ. ಅದರಲ್ಲೂ ಮೀನಿನ ಹೊಟ್ಟೆಯೊಳಗಿನ ಹುಳ ಎಂದರೆ ಮುಗಿದೇ ಹೋಯಿತು. ಊರಿಗೆ ಹೋದಾಗ ಮದುವೆ ಮನೆಗಳಲ್ಲಿ ಯಾರಾದರೂ “ದಿಲ್ಲಿಯಲ್ಲಿ ಏನು ಓದ್ತಿದ್ದೀಯ?” ಎಂದು ಕೇಳಿದರೆ ನಾನು “ಝೂವಾಲಜಿ” ಎಂದಷ್ಟೇ ಹೇಳಿ ಪಾಯಸದ ಕಡೆ ತಿರುಗಿಬಿಡುತ್ತಿದ್ದೆ. ನದಿ ಮೀನುಗಳ ಕರುಳಿಗೆ ಅಂಟಿಕೊಂಡು ಬದುಕುವ ಚಪ್ಪಟೆ ಹುಳುಗಳ ಮೇಲೆ ನಾನು ಏಳು ವರ್ಷ ಕಳೆದಿದ್ದೇನೆ. ದೊಡ್ಡದೆಂದರೆ ಅಕ್ಕಿಕಾಳಿನಷ್ಟು ಇರುತ್ತದೆ. ಬಾಯಿಯ ಸುತ್ತ ಹೀರಿ ಹಿಡಿಯುವ ಒಂದು ಬಟ್ಟಲು, ಹೊಟ್ಟೆಯ ಮೇಲೆ ಇನ್ನೊಂದು. ಅವೆರಡರಿಂದ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ತಿನ್ನುವುದು, ಮೊಟ್ಟೆಯಿಡುವುದು, ಅಷ್ಟೇ ಅದರ ಜೀವನ. ಲಕ್ಷ್ಮೀ ನಗರದ ಕೋಚಿಂಗ್ ಸೆಂಟರುಗಳ ನಡುವೆ, ಕಿಟಕಿಯಿಲ್ಲದ ಬಾಡಿಗೆ ಕೋಣೆಯಲ್ಲಿ ನಾನು ಬದುಕುತ್ತಿದ್ದುದೂ ಅದಕ್ಕಿಂತ ಬಹಳ ಬೇರೆಯೇನಲ್ಲ.

ಈ ಹುಳುಗಳನ್ನು ನೋಡಲು ಕಲಿಸಿದವರು ನನ್ನ ಪಿಎಚ್‌ಡಿ ಗೈಡ್. ನಾನು ಸೇರಿದ ಎರಡೇ ವರ್ಷಕ್ಕೆ ಅವರು ನಿವೃತ್ತರಾದರು. ಕಾಗದದ ಮೇಲೆ ಬೇರೊಬ್ಬರು ನನ್ನ ಗೈಡ್ ಆದರು, ಆದರೆ ಅವರಿಗೆ ನನ್ನ ಹುಳುಗಳಿಗಿಂತ ತಮ್ಮ ಮೀಟಿಂಗುಗಳೇ ಹೆಚ್ಚು. ಹಾಗಾಗಿ ನಾನು ತಿಂಗಳಿಗೆ ಎರಡು ಸಲ ಮೆಟ್ರೋ ಹತ್ತಿ ದ್ವಾರಕಾದ ಸೊಸೈಟಿಯಲ್ಲಿದ್ದ ಹಳೆಯ ಗೈಡ್ ಮನೆಗೇ ಹೋಗುತ್ತಿದ್ದೆ. ನಮಗೆಲ್ಲ ಅವರು ಸರ್. ಇಲ್ಲಿಯೂ ಸರ್ ಎಂದೇ ಬರೆಯುತ್ತೇನೆ. ಮೈಸೂರು ಕಡೆಯವರು. ನಲವತ್ತು ವರ್ಷ ದಿಲ್ಲಿಯಲ್ಲಿದ್ದರೂ ಹಿಂದಿಯಲ್ಲಿ ಜಗಳ ಆಡಲು ಬಾರದವರು. ಅವರ ಬಗ್ಗೆ ನಾವು ಬೆನ್ನ ಹಿಂದೆ ನಗುತ್ತಿದ್ದ ವಿಷಯ ಒಂದಿತ್ತು. ಜೀವಮಾನವಿಡೀ ಮೀನಿನ ಹುಳುಗಳನ್ನು ಓದಿದ ಈ ಮನುಷ್ಯ ಒಂದು ದಿನವೂ ಮೀನನ್ನು ಕೈಯಿಂದ ಮುಟ್ಟಿರಲಿಲ್ಲ.

ಅವರದು ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆತನ. ದಿಲ್ಲಿಗೆ ಬಂದ ಹೊಸತರಲ್ಲಿ ಬಾಡಿಗೆಗೆ ಸಿಕ್ಕ ಮನೆಯ ಮಾಲೀಕರು ಇನ್ನೂ ಕಟ್ಟುನಿಟ್ಟು. ಮೀನಿನ ವಾಸನೆ ಬಂದರೆ ಅವತ್ತೇ ಮನೆ ಖಾಲಿ ಮಾಡಬೇಕು ಎಂದಿದ್ದರಂತೆ. ಅದಕ್ಕೆ ಸರ್ ಒಂದು ಉಪಾಯ ಕಂಡುಕೊಂಡಿದ್ದರು. ಅಗಲ ಬಾಯಿಯ ಬಾಟಲಿಯಲ್ಲಿ, ಸತ್ತ ಜೀವಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ತುಂಬಿಕೊಂಡು ಬೆಳಗ್ಗೆ ನದಿ ಮೀನು ಬರುವ ಮಾರುಕಟ್ಟೆಗೆ ಹೋಗುವುದು. ಮೀನಿನವನು ಅಲ್ಲೇ ಮೀನು ಸೀಳಿ ಕರುಳನ್ನು ನೇರವಾಗಿ ಬಾಟಲಿಗೆ ಹಾಕುತ್ತಿದ್ದ. ಸರ್ ಮೂಗಿಗೆ ಕರ್ಚೀಫು ಹಿಡಿದು ಮುಚ್ಚಳ ತಿರುಗಿಸುತ್ತಿದ್ದರು. ಬಾಟಲಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಲ್ಯಾಬಿಗೆ ಬಂದು ಕರುಳು ಬಿಡಿಸುವ ಹೊತ್ತಿಗೆ ಒಳಗಿನ ಹುಳುಗಳೆಲ್ಲ ಸತ್ತು ಗಟ್ಟಿಯಾಗಿರುತ್ತಿದ್ದವು. ಮುಂದೆ ನಮ್ಮ ಲ್ಯಾಬಿಗೆ ಅದೇ ಪದ್ಧತಿಯಾಯಿತು. ಬಾಟಲಿ ಹಿಡಿದು ಮಾರುಕಟ್ಟೆಗೆ ಹೋಗುವುದನ್ನು ಯಾರೂ ಪ್ರಶ್ನಿಸಲಿಲ್ಲ, ನಾನು ಬರುವವರೆಗೆ. ನಾನು ಕಾರವಾರ ಕಡೆಯವಳು. ಮೀನು ಮುಟ್ಟಲು ನನಗೇನು ಧಾಡಿ? ಇಡೀ ಮೀನನ್ನೇ ಬಕೆಟ್ಟಿನಲ್ಲಿ ತರುತ್ತಿದ್ದೆ.

ಹೊಸ ಜಾತಿಯ ಹುಳ ಸಿಕ್ಕರೆ ಅದನ್ನು ಮೊದಲು ಬರೆದು ಅಚ್ಚು ಹಾಕಿಸಿದವರು ಹೆಸರಿಡಬಹುದು. ಕೆಲವರು ಊರಿನ ಹೆಸರಿಡುತ್ತಾರೆ, ಕೆಲವರು ಗುರುವಿನ ಹೆಸರಿಡುತ್ತಾರೆ. ಸರ್‌ಗೆ ಇಡೀ ಕೆಲಸದಲ್ಲಿ ಸಿಕ್ಕ ಹೊಸ ಜಾತಿ ಒಂದೇ ಒಂದು. ಸಿಂಘಾಡಾ ಎಂದು ಇಲ್ಲಿಯವರು ಕರೆಯುವ ಮೀಸೆಯ ಮೀನಿನ ಕರುಳಿನಲ್ಲಿದ್ದ ಹುಳ. ಅದನ್ನೇ ಹೋಲುವ ಇನ್ನೊಂದು ಹುಳ ಬಹಳ ಹಿಂದಿನಿಂದ ಪುಸ್ತಕಗಳಲ್ಲಿತ್ತು. ಅದು ಉದ್ದ ಕುತ್ತಿಗೆಯದು. ಸರ್‌ಗೆ ಸಿಕ್ಕಿದ್ದು ಗುಂಡಗೆ, ಗಿಡ್ಡಕ್ಕೆ ಇತ್ತು. ಕುತ್ತಿಗೆಯ ಸುತ್ತ ದಪ್ಪನೆಯ ಒಂದು ಮಡಿಕೆ ಇತ್ತು. ಮದುವೆಯಾಗಿ ದಿಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅವರ ಹೆಂಡತಿ ಸ್ವೆಟರ್ ಹಾಕಲು ನಾಚಿಕೊಂಡು, ಸೆರಗನ್ನೇ ಕುತ್ತಿಗೆಗೆ ಸುತ್ತಿಕೊಂಡು ಅಡಿಗೆಮನೆಯಲ್ಲಿ ಕೂತಿರುತ್ತಿದ್ದರಂತೆ. ಮೈಕ್ರೋಸ್ಕೋಪಿನಲ್ಲಿ ಆ ಮಡಿಕೆ ಕಂಡ ತಕ್ಷಣ ಸರ್‌ಗೆ ಅದೇ ನೆನಪಾಯಿತು. ಹುಳಕ್ಕೆ ಹೆಂಡತಿಯ ಹೆಸರಿಟ್ಟರು. ಸ್ಲೈಡುಗಳಲ್ಲಿ ಒಂದನ್ನು ಸಂಗ್ರಹಾಲಯಕ್ಕೆ ಕೊಟ್ಟು ಇನ್ನೊಂದನ್ನು ಚಿಕ್ಕ ಮರದ ಪೆಟ್ಟಿಗೆಯಲ್ಲಿ ಮನೆಯಲ್ಲೇ ಇಟ್ಟುಕೊಂಡರು.

ಆ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ನಾನು ಹೋದಾಗಲೆಲ್ಲ ಕಾಫಿ ಲೋಟದ ಜೊತೆ ಇದೊಂದು ದೂರು ತಪ್ಪದೆ ಬರುತ್ತಿತ್ತು.

“ನೋಡಮ್ಮ, ಎಲ್ಲರ ಗಂಡಂದಿರು ಹೆಂಡತಿ ಹೆಸರಲ್ಲಿ ಮನೆ ಕಟ್ಟಿಸ್ತಾರೆ. ನಿಮ್ಮ ಸರ್ ನನ್ನ ಹೆಸರನ್ನ ಹುಳಕ್ಕೆ ಇಟ್ಟು ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟರು. ಹೋಗಲಿ, ಜೀವ ಇರೋದು ಒಂದನ್ನಾದರೂ ತೋರಿಸಿ ಅಂದ್ರೆ ಅದೂ ಇಲ್ಲ.”

“ಜೀವ ಇರೋದು ಬೇಕು ಅಂದ್ರೆ ಮೀನು ಮನೆಗೆ ತರಬೇಕಾಗುತ್ತೆ ಕಣೇ,” ಎನ್ನುತ್ತಿದ್ದರು ಸರ್.

“ಮನೆಗೆ ಯಾಕ್ರೀ ತರಬೇಕು? ನದಿ ಹತ್ರ ನಾವೇ ಹೋಗೋಣ. ಇಷ್ಟು ವರ್ಷ ದಿಲ್ಲಿಯಲ್ಲಿದ್ದು ಯಮುನೇನ ಸೇತುವೆ ಮೇಲಿಂದ ಬಿಟ್ಟು ಬೇರೆ ಕಡೆಯಿಂದ ನೋಡಿಲ್ಲ ನಾನು.”

“ಅಚ್ಛಾ, ಮುಂದಿನ ಭಾನುವಾರ ಹೋಗೋಣ.”

ಆ ಭಾನುವಾರ ಬರಲಿಲ್ಲ. ಒಂದು ನವೆಂಬರಿನಲ್ಲಿ, ಎದುರಿನ ಕಟ್ಟಡವೂ ಕಾಣದಷ್ಟು ಹೊಗೆ ಕವಿದಿದ್ದ ವಾರದಲ್ಲಿ, ಆಂಟಿಯ ಉಬ್ಬಸ ಕೆಟ್ಟಿತು. ಆಸ್ಪತ್ರೆಗೆ ಹೋದವರು ಐದು ದಿನಕ್ಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ಸರ್ ಅಳಲಿಲ್ಲ. ಮಾತು ಕಡಿಮೆ ಮಾಡಿದರು, ಗಡ್ಡ ಬಿಟ್ಟರು, ಅಷ್ಟೇ. ಆದರೆ ಮರದ ಪೆಟ್ಟಿಗೆ ಪುಸ್ತಕದ ಕಪಾಟಿನಿಂದ ಇಳಿದು ಆಂಟಿಯ ಫೋಟೋದ ಮುಂದೆ ಬಂತು. ನಿವೃತ್ತಿಯ ದಿನ ನಾವೆಲ್ಲ ಸೇರಿ ಕೊಡಿಸಿದ ಮೈಕ್ರೋಸ್ಕೋಪು ಕಿಟಕಿಯ ಪಕ್ಕದ ಮೇಜಿನ ಮೇಲಿತ್ತು. ಬೆಳಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಆ ಸ್ಲೈಡು ತೆಗೆದು ಒಂದು ಸಲ ನೋಡಿ ಮತ್ತೆ ಒಳಗಿಡುತ್ತಿದ್ದರು. ಒಂದು ಸಲ ನನ್ನೆದುರೇ ನೋಡಿದರು. ಸ್ಲೈಡು ಒರೆಸುತ್ತಾ ಹೇಳಿದರು:

“ನಮಗೆ ಹಿಂದೆ ಮುಂದೆ ಯಾರೂ ಇಲ್ಲಮ್ಮ. ನಾನು ಹೋದ್ರೆ ಅವಳ ಹೆಸರು ಹೇಳೋರೂ ಇರೋದಿಲ್ಲ. ಆದರೆ ನೂರು ವರ್ಷ ಆದ್ಮೇಲೂ ಈ ಮೀನಿನ ಹುಳ ನೋಡೋರು ಯಾರೋ ಒಬ್ಬರು ಇವಳ ಹೆಸರು ಓದಲೇಬೇಕು. ಅಷ್ಟು ಸಾಕು ನನಗೆ.”

ಆ ಮಾತು ಕೇಳಿ ನಾನು ಒಪ್ಪಿಗೆಯಿಂದ ತಲೆಯಾಡಿಸಿದ್ದೆ. ಆಂಟಿ ಹೋಗಿ ಏಳು ತಿಂಗಳಿಗೆ ಜೂನ್ ಬಂತು.

ನದಿ ದಿಲ್ಲಿಯೊಳಗೆ ಬಂದು ಚರಂಡಿಯಾಗುವ ಮೊದಲು, ಮೇಲಿನ ದಡದಲ್ಲಿ ಒಬ್ಬ ಮೀನುಗಾರ ನನಗೆ ಪರಿಚಯವಿದ್ದ. ಅವತ್ತು ಬಲೆಯಿಂದ ಬಿಡಿಸಿದ ಎರಡು ಸಿಂಘಾಡಾ ಮೀನು ಕೊಟ್ಟ. ಲ್ಯಾಬಿಗೆ ತರುವಾಗ ಅವು ಇನ್ನೂ ಬಾಲ ಬಡಿಯುತ್ತಿದ್ದವು. ಕರುಳು ಬಿಡಿಸಿದರೆ ಒಂದು ಮೀನಿನಲ್ಲೇ ಹನ್ನೆರಡು ಹುಳುಗಳು ಜೀವಂತವಾಗಿದ್ದವು. ಬಿಸಿ ಬಿಸಿ ನೀರಿಗೆ ಹಾಕಿದರೆ ಹುಳ ಇದ್ದ ಹಾಗೆಯೇ, ಮೈ ಚಾಚಿಕೊಂಡೇ ಸಾಯುತ್ತದೆ. ಅದರ ನಿಜವಾದ ಆಕಾರ ಉಳಿಯುತ್ತದೆ. ಹಾಗೆ ಆರು ಹುಳುಗಳನ್ನು ಹಾಕಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಕೆಟಲಿನ ನೀರು ಆರಿತು. ಜೂನ್ ತಿಂಗಳ ದಿಲ್ಲಿಯ ಸೆಖೆಯಲ್ಲಿ ಕಾಯುವ ತಾಳ್ಮೆ ನನಗಿರಲಿಲ್ಲ. ಉಳಿದ ಆರನ್ನು ಲ್ಯಾಬಿನ ಹಳೆಯ ಪದ್ಧತಿಯಂತೆ ತಣ್ಣನೆಯ ಫಾರ್ಮಲಿನ್‌ಗೆ ಹಾಕಿ ಕೋಣೆಗೆ ಹೋದೆ.

ಮರುದಿನ ಎರಡೂ ಬಾಟಲಿಗಳ ಹುಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಬಿಸಿನೀರಿನ ಆರೂ ಪುಸ್ತಕದಲ್ಲಿದ್ದ ಹಳೆಯ ಹುಳದಂತೆಯೇ ಇದ್ದವು, ಉದ್ದ ಕುತ್ತಿಗೆ, ಮಡಿಕೆಯಿಲ್ಲ. ಫಾರ್ಮಲಿನ್‌ನ ಆರೂ ಗುಂಡಗೆ, ಗಿಡ್ಡಕ್ಕೆ, ಕುತ್ತಿಗೆಗೆ ಮಡಿಕೆ ಸುತ್ತಿಕೊಂಡು ಕೂತಿದ್ದವು. ಒಂದೇ ಮೀನು, ಒಂದೇ ಕರುಳು, ಒಂದೇ ಹುಳ. ಆಂಟಿಯ ಹುಳ ಎನ್ನುವುದು ಇರಲೇ ಇಲ್ಲ. ತಣ್ಣನೆಯ ವಿಷ ತಾಗಿದಾಗ ತಡೆಯಲಾರದೆ ತಲೆಯನ್ನು ಮೈಯೊಳಗೆ ಎಳೆದುಕೊಂಡ ಹಳೆಯ ಹುಳವೇ ಅದು. ಸೆರಗಿನಂತೆ ಕಂಡ ಮಡಿಕೆ ಅದರ ಸಂಕಟದ ಗುರುತಾಗಿತ್ತು.

ಮೊದಲು ನನಗಾದದ್ದು ಸಂತೋಷ. ಇದನ್ನು ಮುಚ್ಚಿಡುವುದಿಲ್ಲ. ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು ನನ್ನ ಕಣ್ಣಿಗೆ ಬಿತ್ತು ಎಂದು ಎದೆಯುಬ್ಬಿತು. ಕ್ಯಾಂಟೀನಿಗೆ ಹೋಗಿ ಎರಡು ಸಮೋಸ ತೆಗೆದುಕೊಂಡೆ. ಎರಡನೆಯದನ್ನು ತಿನ್ನುವಾಗ ಕಪಾಟಿನಿಂದ ಇಳಿದ ಆ ಮರದ ಪೆಟ್ಟಿಗೆ ನೆನಪಾಯಿತು. ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಇನ್ನೂ ಐದು ಸಲ ಹೊಸ ಮೀನು ತಂದು ನೋಡಿದೆ, ನನ್ನದೇ ತಪ್ಪಾಗಿರಲಿ ಎಂದು ಹಾರೈಸಿಕೊಂಡು. ಐದು ಸಲವೂ ಹಾಗೇ ಆಯಿತು. ನನ್ನ ಥೀಸಿಸ್ಸು ನಿಂತಿದ್ದುದೇ ಆ ಮೀನಿನ ಮೇಲೆ. ಇದನ್ನು ಬರೆಯದೆ ಬಿಟ್ಟರೆ ಉಳಿದ ಅಧ್ಯಾಯವೆಲ್ಲ ಸುಳ್ಳಾಗುತ್ತಿತ್ತು. ಬರೆದರೆ ನಿಯಮ ಸ್ಪಷ್ಟ: ಒಂದೇ ಹುಳಕ್ಕೆ ಎರಡು ಹೆಸರಿದ್ದರೆ ಹಳೆಯದು ನಿಲ್ಲುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ. ಸರ್‌ಗೆ ಉಳಿದಿದ್ದ ಒಂದೇ ಆಸೆಯನ್ನು ಅವರು ಕಲಿಸಿದ ವಿದ್ಯೆಯಿಂದಲೇ ನಾನು ಕಿತ್ತುಕೊಳ್ಳಬೇಕಾಗಿತ್ತು. ಅವರಿಗೆ ಹೇಳದೆ ಅಚ್ಚು ಹಾಕಿಸುವಷ್ಟು ನೀಚಳಲ್ಲ ನಾನು. ಎದುರಿಗೆ ಕೂತು ಹೇಳುವಷ್ಟು ಧೈರ್ಯವೂ ಇರಲಿಲ್ಲ. ಆರು ತಿಂಗಳು ಹೀಗೇ ಹೋದವು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡು ಮೆಟ್ರೋ ಹತ್ತುತ್ತಿದ್ದೆ. ಅವರು ಮಾಡಿಕೊಟ್ಟ ನೀರು ಕಾಫಿ ಕುಡಿದು, ಹವಾ ಮತ್ತು ಸೊಂಟನೋವಿನ ಮಾತಾಡಿ ವಾಪಸು ಬರುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ತರಕಾರಿ ಮಾರುವ ಭಯ್ಯಾನ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ ಬೇರೆ ದಾರಿ ಹಿಡಿದೆ. ಮುಂಜಾನೆ ತಂದ ಮೀನಿನಿಂದ ಎರಡು ಹುಳ ತೆಗೆದು, ಉಪ್ಪುನೀರಿನ ಸಣ್ಣ ಕೊಳವೆಯಲ್ಲಿ ಹಾಕಿ, ಸ್ವೆಟರಿನ ಒಳಗಿನ ಜೇಬಿನಲ್ಲಿ ಮೈಗೆ ಒತ್ತಿಕೊಂಡು ದ್ವಾರಕಾಕ್ಕೆ ಒಯ್ದೆ. ಆಂಟಿಗೆ ಸರ್ ಎಂದೂ ತೋರಿಸದ ಜೀವಂತ ಹುಳವನ್ನು ಸರ್‌ಗೇ ತೋರಿಸಿದರೆ ಮಾತು ತಾನಾಗಿ ಹೊರಡಬಹುದು ಎಂಬ ಆಸೆ. ಅಷ್ಟೇ ನನ್ನ ಯೋಜನೆ.

ಸರ್ ಮಫ್ಲರ್ ಸುತ್ತಿಕೊಂಡು ಬಾಗಿಲು ತೆಗೆದರು. “ಜೀವ ಇರೋ ಹುಳ ತಂದಿದ್ದೀನಿ ಸರ್,” ಎಂದೆ. ಅವರ ಮುಖ ಅರಳಿದ್ದನ್ನು ಒಂದು ವರ್ಷದಲ್ಲಿ ಅವತ್ತೇ ನೋಡಿದ್ದು. ಕುರ್ಚಿ ಎಳೆದು ಮೈಕ್ರೋಸ್ಕೋಪಿನ ದೀಪ ಹಾಕಿದರು. ಒಂದು ಹುಳವನ್ನು ಗಾಜಿನ ತಟ್ಟೆಗೆ ಹಾಕಿ ಕೊಟ್ಟೆ.

“ಓಹೋ! ಇದು ನಮ್ಮ ಹಳೇ ಗಿರಾಕಿ!” ಎಂದರು, ಕಣ್ಣು ತೆಗೆಯದೆ. ಪುಸ್ತಕದ ಹುಳದ ಹೆಸರನ್ನು ಸರಿಯಾಗಿ ಹೇಳಿದರು. “ಹೇಗೆ ಓಡಾಡುತ್ತೆ ನೋಡು. ಕುತ್ತಿಗೆ ಎಷ್ಟು ಉದ್ದ ಚಾಚುತ್ತೆ! ಚಿತ್ರದಲ್ಲಿ ಇರೋ ಹಾಗೇ ಇದೆ. ಇವಳದು ಬೇರೆ, ಇವಳದಕ್ಕೆ ಮಡಿಕೆ ಇದೆ. ಇದಕ್ಕೆ ಇಲ್ಲ, ನೋಡಿದ್ಯಾ?”

“ಹೌದು ಸರ್.”

“ಒಳ್ಳೆ ಸ್ಲೈಡ್ ಮಾಡೋಣ ಇದನ್ನ. ಫಾರ್ಮಲಿನ್ ಇದೆಯಾ?”

ಚೀಲದಲ್ಲಿ ಡ್ರಾಪರ್ ಬಾಟಲಿ ಯಾವಾಗಲೂ ಇರುತ್ತಿತ್ತು. ತೆಗೆದು ಕೊಟ್ಟೆ. ಅಡಿಗೆಮನೆ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಕೆಟಲೂ ಇತ್ತು. ಬಿಸಿನೀರು ತರಲಾ ಸರ್ ಎಂದು ಒಂದು ಮಾತು ಕೇಳಿದ್ದರೆ ಮುಂದಿನದು ಹಾಗೆ ಆಗುತ್ತಿರಲಿಲ್ಲ. ನಾನು ಕೇಳಲಿಲ್ಲ. ನನ್ನ ಬಾಯಿಂದ ಬರಬೇಕಾದ ಮಾತನ್ನು ಆ ಬಾಟಲಿ ಹೇಳಲಿ ಎಂದು ಬಿಟ್ಟುಬಿಟ್ಟೆ. ಹೇಡಿತನ ಎಂದರೆ ಇದೇ, ಬೇರೆ ಹೆಸರಿಲ್ಲ.

ನಲವತ್ತು ವರ್ಷದ ಅಭ್ಯಾಸದ ಕೈ. ಕಣ್ಣು ಮೈಕ್ರೋಸ್ಕೋಪಿನಲ್ಲೇ ಇಟ್ಟುಕೊಂಡು ಅಂಚಿನಿಂದ ಹನಿ ಹನಿಯಾಗಿ ಬಿಟ್ಟರು. ಬಾಟಲಿ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಪಕ್ಕದ ಫ್ಲ್ಯಾಟಿನಲ್ಲಿ ಕುಕ್ಕರ್ ಮೂರು ಸಲ ಕೂಗಿತು. ಸರ್ ತಲೆಯೆತ್ತಲಿಲ್ಲ. ಆಮೇಲೆ ಎದ್ದು ಹೋಗಿ ಫೋಟೋದ ಮುಂದಿನ ಪೆಟ್ಟಿಗೆ ತಂದರು. ಆಂಟಿಯ ಸ್ಲೈಡು ತೆಗೆದು ಲೆನ್ಸಿನ ಕೆಳಗಿಟ್ಟು ನೋಡಿದರು. ಅದನ್ನು ಸರಿಸಿ ಗಾಜಿನ ತಟ್ಟೆ ನೋಡಿದರು. ಮತ್ತೆ ಸ್ಲೈಡು. ಮತ್ತೆ ತಟ್ಟೆ. ಎಷ್ಟು ಸಲ ಎಂದು ನನಗೆ ಗೊತ್ತಿಲ್ಲ, ನಾನು ನೆಲ ನೋಡುತ್ತಿದ್ದೆ.

“ಯಾವಾಗಿಂದ ಗೊತ್ತು ನಿನಗೆ?”

“ಜೂನ್‌ನಿಂದ ಸರ್.”

“ಜೂನ್,” ಎಂದರು. “ಇಷ್ಟು ಸಲ ಬಂದು ಕಾಫಿ ಕುಡಿದು ಹೋದೆಯಲ್ಲಮ್ಮ.”

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮಫ್ಲರಿನ ತುದಿಯಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು.

“ಕೇಳ್ತಾನೇ ಇದ್ದಳು ಅವಳು. ಜೀವ ಇರೋದು ತೋರಿಸಿ, ನದಿ ಹತ್ರ ಹೋಗೋಣ ಅಂತ. ಒಂದೇ ಒಂದು ಭಾನುವಾರ ಹೋಗಿದ್ರೆ ನನಗೆ ಅವತ್ತೇ ಗೊತ್ತಾಗೋದು. ಅವಳೂ ನೋಡೋಳು. ನಾನು ನೋಡಿದ್ದೆಲ್ಲ ಸತ್ತಿದ್ದೇ, ನೋಡು. ಮೂವತ್ತು ವರ್ಷ.”

“ಸರ್, ನಾನು ಬರೆಯೋದು ಬೇಡ ಅಂದ್ರೆ...”

“ಹುಚ್ಚು ಮಾತಾಡಬೇಡ. ಬರಿ. ಸರಿಯಾಗಿ ಬರಿ.” ದನಿ ಒಂದು ಕ್ಷಣ ಹಳೆಯ ಗೈಡಿನದಾಯಿತು. “ಫಾರ್ಮಲಿನ್ ಬಾಟಲಿ ಮಾರ್ಕೆಟ್ಟಿಗೆ ತಗೊಂಡು ಹೋಗ್ತಿದ್ದೆ ಅನ್ನೋದನ್ನೂ ಬರಿ. ಇಲ್ಲಾಂದ್ರೆ ಓದೋರಿಗೆ ತಪ್ಪು ಹೇಗಾಯ್ತು ಅಂತ ತಿಳಿಯೋದಿಲ್ಲ.”

ಬರೆದೆ. ಅಚ್ಚಾಗಿದೆ. ಹಳೆಯ ಹೆಸರಿನ ಕೆಳಗೆ, ಬಿದ್ದುಹೋದ ಹೆಸರುಗಳ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿ ಆಂಟಿಯ ಹೆಸರಿದೆ. ಅಂಥ ಪಟ್ಟಿಗಳನ್ನು ನನ್ನಂಥ ನಾಲ್ಕು ಜನ ಬಿಟ್ಟರೆ ಯಾರೂ ಓದುವುದಿಲ್ಲ. ಪ್ರತಿಯನ್ನು ಸರ್‌ಗೆ ಕೊಟ್ಟಾಗ ಮಡಚಿ ಪೆಟ್ಟಿಗೆಯ ಕೆಳಗಿಟ್ಟರು. ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಬೆಳಗ್ಗೆ ಸ್ಲೈಡು ನೋಡುವುದನ್ನೂ ಬಿಟ್ಟಿದ್ದಾರೆ. ಈಗಲೂ ನಾನು ತಿಂಗಳಿಗೆ ಎರಡು ಸಲ ಹೋಗುತ್ತೇನೆ.

ಆದರೆ ಆ ಶನಿವಾರ ಅಲ್ಲಿಗೇ ಮುಗಿಯಲಿಲ್ಲ. ಕನ್ನಡಕ ಹಾಕಿಕೊಂಡು ಸರ್ ನನ್ನ ಕೈಲಿದ್ದ ಕೊಳವೆ ನೋಡಿದರು.

“ಇನ್ನೊಂದು ಇದೆಯಲ್ಲ ಅದರಲ್ಲಿ. ಕೊಡು.”

ಎರಡನೆಯ ಹುಳವನ್ನು ಬೇರೆ ತಟ್ಟೆಗೆ ಹಾಕಿಕೊಟ್ಟೆ. ಫಾರ್ಮಲಿನ್ ಬಾಟಲಿಯ ಮುಚ್ಚಳ ಅವರೇ ಬಿಗಿಯಾಗಿ ತಿರುಗಿಸಿ ದೂರ ಇಟ್ಟರು. ಹುಳ ಮೈ ಚಾಚಿ, ಕುಗ್ಗಿ, ಮತ್ತೆ ಚಾಚಿ ತಟ್ಟೆಯ ಸುತ್ತ ಹೊರಟಿತು. ಸರ್ ನೋಡಿದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮೈಕ್ರೋಸ್ಕೋಪಿನ ಮುಂದೆ ಇನ್ನೊಬ್ಬರು ಬಗ್ಗುವಷ್ಟು ಜಾಗ ಮಾಡಿದರು. ನನಗೆಂದುಕೊಂಡು ನಾನು ಎದ್ದೆ.

“ನೋಡೇ,” ಎಂದರು, ಮೆಲ್ಲಗೆ. ನನಗಲ್ಲ.

ಅಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ. ಕಾಫಿ ಮಾಡುತ್ತೇನೆ ಎಂದು ಅಡಿಗೆಮನೆಗೆ ಹೋದೆ. ಡಿಕಾಕ್ಷನ್ ಇಳಿಯುವವರೆಗೂ ನಿಂತೆ, ಹಾಲು ಕಾಯುವವರೆಗೂ ನಿಂತೆ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆದೆ. ಒಳಗಿನಿಂದ ಅವರ ದನಿ ಆಗಾಗ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಂತರ ಅದೂ ನಿಂತಿತು. ನಾನು ಲೋಟ ಹಿಡಿದು ಬಂದಾಗ ಸರ್ ದೀಪ ಆರಿಸಿ ಕೂತಿದ್ದರು. ದೀಪದ ಕಾವಿಗೆ ತಟ್ಟೆಯ ನೀರು ಬೆಚ್ಚಗಾಗಿ ಹುಳ ಸತ್ತಿತ್ತು, ಉದ್ದಕ್ಕೆ ಮೈ ಚಾಚಿಕೊಂಡು.

“ಹೋಯ್ತಮ್ಮ,” ಎಂದರು. “ಮಡಿಕೆ ಬರಲಿಲ್ಲ.”